ಓಬಕ್ಕನ ಸಂಚಿಯಲ್ಲಿದ್ದ ಸಹಿ

ಬೆಳಿಗ್ಗೆ ಏಳು ಗಂಟೆ ಐದು ನಿಮಿಷ. ಚನ್ನಗಿರಿಯ ಪ್ರವಾಸಿ ಮಂದಿರದ ಅಡುಗೆಮನೆಯ ರೇಡಿಯೊದಲ್ಲಿ ವಾರ್ತೆ ಆಗಷ್ಟೇ ಶುರುವಾಗಿತ್ತು. ಆ ಹೊತ್ತಿನಲ್ಲಿ ಗೇಟಿನ ಬಳಿ ನಿಂತು ನಾನು ಒಬ್ಬ ಹೆಂಗಸಿಗೆ ಸುಳ್ಳು ಹೇಳಿದೆ. ಒಂದು ಸಹಿಗಾಗಿ ಹೇಳಿದೆ. ಆ ಸುಳ್ಳಿನಿಂದ ಒಂದು ಜೀವ ಹೋಯಿತು.

ಇದನ್ನು ಇನ್ನೂ ಮೆತ್ತಗೆ ಹೇಳುವ ದಾರಿಗಳನ್ನು ವರ್ಷಗಟ್ಟಲೆ ಹುಡುಕಿದ್ದೇನೆ. "ತಿಳಿಯದೆ ಆಯಿತು" ಎಂದು ಬರೆದು ನೋಡಿದೆ, ಹೊಡೆದು ಹಾಕಿದೆ. ತಿಳಿದಿತ್ತು. ಬಿ.ಎ. ಕೊನೆಯ ವರ್ಷದಲ್ಲಿದ್ದ ಹುಡುಗಿ ನಾನು — ನಾಯಿ ಕಚ್ಚಿದರೆ ಏನು ಮಾಡಬೇಕು ಎಂಬುದು ಗೊತ್ತಿಲ್ಲದವಳೇನಲ್ಲ.

ಮೊದಲಿನಿಂದ ಹೇಳುತ್ತೇನೆ.

ಎಂಬತ್ತರ ದಶಕದ ನಡುವಿನ ವರ್ಷಗಳು. ಅಪ್ಪನದು ಚನ್ನಗಿರಿಯ ಬಸ್ ಸ್ಟ್ಯಾಂಡ್ ಹತ್ತಿರ ರೇಡಿಯೊ ರಿಪೇರಿ ಅಂಗಡಿ. ನಮ್ಮ ಬೀದಿಗೆ ಮೊದಲ ಟಿವಿ ಬಂದದ್ದು ಅಲ್ಲಿಗೇ. ಆಂಟೆನಾವನ್ನು ಉದ್ದನೆಯ ಕಬ್ಬಿಣದ ಕೊಳವೆಗೆ ಬಿಗಿದು ಮಾಳಿಗೆಯ ಮೇಲೆ ನಿಲ್ಲಿಸಿದ್ದರು. ಗಾಳಿ ಬೀಸಿದರೆ ಚಿತ್ರ ಹೋಗುತ್ತಿತ್ತು. ಅಪ್ಪ ಮೇಲೆ ಹತ್ತಿ ತಿರುಗಿಸುವುದು, ಬೀದಿಯಲ್ಲಿ ನಿಂತ ಜನ ಕೆಳಗಿನಿಂದ ಕೂಗುವುದು — "ಬಂತು ಬಂತು! ಹೋತು! ಅಲ್ಲೇ ಬಿಡ್ರೀ, ಕೈ ಮುಟ್ಟಬ್ಯಾಡ್ರಿ!"

ವಾರಕ್ಕೊಂದು ಸಂಜೆ ಬರುತ್ತಿದ್ದ ಧಾರಾವಾಹಿಯೊಂದರಲ್ಲಿ ಹಳ್ಳಿಯ ಡಾಕ್ಟರೊಬ್ಬರಿದ್ದರು. ಬಿಳಿ ಷರಟು, ತುಸು ಬಾಗಿದ ಬೆನ್ನು, ಕೊರಳಿಗೆ ನೇತುಬಿಟ್ಟ ಸ್ಟೆತಾಸ್ಕೋಪು. ರೋಗಿಯ ನಾಡಿ ಹಿಡಿದು, ಒಂದು ಗಳಿಗೆ ಕಣ್ಣು ಮುಚ್ಚಿ, ಆಮೇಲೆ ಹೇಳುತ್ತಿದ್ದರು: "ನಾನು ನೋಡಿದ್ದೇನೆ. ಏನೂ ಭಯವಿಲ್ಲ." ಅಷ್ಟು ಹೇಳಿದರೆ ಮುಗಿಯಿತು, ರೋಗಿ ಬದುಕಿಕೊಳ್ಳುತ್ತಿದ್ದ. ಆ ಮಾತು ಇಡೀ ಊರಿನ ಬಾಯಲ್ಲಿತ್ತು. ಪರೀಕ್ಷೆಗೆ ಹೊರಟವರಿಗೆ, ಎಮ್ಮೆ ಕರು ಹಾಕುವಾಗ, ಸೈಕಲ್ ಪಂಕ್ಚರ್ ಆದಾಗ — "ನಾನು ನೋಡಿದ್ದೇನೆ, ಏನೂ ಭಯವಿಲ್ಲ." ಆ ನಟರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರದು ಏನೂ ತಪ್ಪಿಲ್ಲ. ನಮ್ಮೂರಿನಲ್ಲಿ ಆ ಹೆಸರನ್ನು ಯಾರೂ ಹೇಳುತ್ತಲೂ ಇರಲಿಲ್ಲ. ಎಲ್ಲರಿಗೂ ಅವರು ಡಾಕ್ಟ್ರು, ಅಷ್ಟೆ.

ನನಗೆ ಸಹಿಗಳ ಹುಚ್ಚು. ಎಪ್ಪತ್ತರ ದಶಕದ ಕೊನೆಯಲ್ಲಿ, ಇನ್ನೂ ಲಂಗ ಉಡುತ್ತಿದ್ದಾಗಲೇ, ನಾಟಕದವರ ಹಿಂದೆ ಪುಸ್ತಕ ಹಿಡಿದು ಓಡುತ್ತಿದ್ದವಳು. ಟಿವಿ ಬಂದ ಮೇಲೆ ಅದರ ನಟರ ಬೆನ್ನು ಬಿದ್ದೆ. ಮೊದಲ ದೊಡ್ಡ ಸಹಿ ಸಿಕ್ಕಿದ್ದು ಹೊನ್ನಾಳಿಯಲ್ಲಿ. ಧಾರಾವಾಹಿಯಲ್ಲಿ ಸೊಸೆಯನ್ನು ಹಿಂಸಿಸುವ ಅತ್ತೆಯಾಗಿದ್ದ ನಟಿ ಒಂದು ಕಂಪನಿ ನಾಟಕಕ್ಕೆ ಅತಿಥಿಯಾಗಿ ಬಂದಿದ್ದರು. ನಾಟಕ ಮುಗಿದು, ಡೇರೆಯ ಹಿಂದೆ ಟ್ರಂಕಿನ ಮೇಲೆ ಕುಳಿತು ಕೊಬ್ಬರಿ ಎಣ್ಣೆಯಿಂದ ಬಣ್ಣ ತೆಗೆಯುತ್ತಿದ್ದರು. ನನ್ನನ್ನು ನೋಡಿ ಕೇಳಿದರು: "ನಿನಗೆ ನನ್ನ ಮೇಲೆ ಸಿಟ್ಟಿಲ್ಲೇನೇ?" ಅವತ್ತು ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಅವರನ್ನು ಗುರುತಿಸಿ, "ಆ ಹುಡುಗೀನ ಯಾಕ್ರೀ ಹಂಗೆ ಗೋಳು ಹೊಯ್ಕಂತೀರಿ? ನಿಮಗೇನು ಹೆಣ್ಣುಮಕ್ಕಳಿಲ್ವೇನ್ರೀ?" ಎಂದು ಜಗಳಕ್ಕೆ ನಿಂತಿದ್ದರಂತೆ. ನಾವಿಬ್ಬರೂ ನಕ್ಕೆವು.

ಈ ನಗುವನ್ನು ಬೇಕೆಂದೇ ಬರೆಯುತ್ತಿದ್ದೇನೆ. ನಮ್ಮ ಜನ ಪರದೆಯ ಮೇಲಿನ ಮನುಷ್ಯನನ್ನು ಹೇಗೆ ನಂಬುತ್ತಾರೆ ಎಂದು ನನಗೆ ಗೊತ್ತಿತ್ತು. ಅದನ್ನು ನೋಡಿ ನಕ್ಕಿದ್ದೆ.

ಕಾಲೇಜಿನ ಹಾಸ್ಟೆಲಿನಲ್ಲಿ ನನ್ನ ಜೊತೆಗಾತಿ ಶಾರದೆ, ನ್ಯಾಮತಿಯವಳು. ಅವಳಿಗೂ ಇದೇ ಹುಚ್ಚು. ಇಬ್ಬರಿಗೂ ಪೈಪೋಟಿ. ಇಬ್ಬರ ಪುಸ್ತಕದಲ್ಲೂ ಇಲ್ಲದಿದ್ದದ್ದು ಡಾಕ್ಟ್ರ ಸಹಿ ಒಂದೇ.

ಸುಗ್ಗಿ ಮುಗಿದ ಹೊಸತರಲ್ಲಿ ಸುದ್ದಿ ಬಂತು: ಸೂಳೆಕೆರೆಯ ಏರಿಯ ಮೇಲೆ ಆ ಧಾರಾವಾಹಿಯ ಚಿತ್ರೀಕರಣವಂತೆ, ಡಾಕ್ಟ್ರು ಚನ್ನಗಿರಿಯಲ್ಲೇ ಇಳಿದುಕೊಂಡಿದ್ದಾರಂತೆ. ನಾನು ಕಾಲೇಜಿಗೆ ಜ್ವರದ ನೆಪ ಹೇಳಿ ಊರಿಗೆ ಬಂದೆ. ಅದೃಷ್ಟವೋ ದುರದೃಷ್ಟವೋ — ಅವರ ಟೇಪ್ ರೆಕಾರ್ಡರ್ ಕೆಟ್ಟು, ಅಪ್ಪನಿಗೆ ಬುಲಾವ್ ಬಂತು. ಬೆಳಿಗ್ಗೆ ಬೇಗ ಬಂದು ಸರಿ ಮಾಡಿಕೊಡಬೇಕು, ಎಂಟಕ್ಕೆ ಅವರು ಕೆರೆಗೆ ಹೊರಡುತ್ತಾರೆ. ಬೆಸುಗೆ ಸಾಮಾನಿನ ಡಬ್ಬಿ ಹಿಡಿದುಕೊಂಡು ನಾನೂ ಜೊತೆಗೆ ಹೋದೆ. ಗೇಟಿನ ಹೊರಗೆ ಆಗಲೇ ಜನ. ನಾನು ಒಳಗೆ! ಆ ಹೆಮ್ಮೆ ಈಗಲೂ ನನ್ನ ಮೈಗೆ ನೆನಪಿದೆ, ಅದಕ್ಕೇ ನಾಚಿಕೆ.

ಡಾಕ್ಟ್ರು ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದರು. ಟಿವಿಯಲ್ಲಿ ಕಂಡದ್ದಕ್ಕಿಂತ ವಯಸ್ಸು ಕಡಿಮೆ. ಬೆನ್ನು ಬಾಗಿರಲೇ ಇಲ್ಲ. ಅಡುಗೆಯವರು ಅವರೆದುರು ಪಂಚೆ ಮೊಣಕಾಲಿಗೆ ಎತ್ತಿ ನಿಂತಿದ್ದರು — "ಇಲ್ಲಿ ಸಾಮಿ, ಈ ಚಿಪ್ಪಿನ ಕೆಳಗೆ. ಒಂದು ಗುಳಿಗೆ ಹೇಳ್ರಿ ಸಾಕು."

"ಅಯ್ಯೋ, ನನಗೇ ಮಂಡಿ ನೋವು ಮಾರಾಯ್ರೆ. ನಿಮಗೇನಾದ್ರೂ ಗೊತ್ತಿದ್ರೆ ನೀವೇ ಹೇಳಿ!"

"ತಮಾಷೆ ಮಾಡ್ತೀರಿ ಬಿಡ್ರಿ," ಎಂದು ಅಡುಗೆಯವರು ಪಂಚೆ ಇಳಿಸಿದರು. ನಂಬಲಿಲ್ಲ. ಯಾರೂ ನಂಬುತ್ತಿರಲಿಲ್ಲ.

ಮೇಜಿನ ಮೇಲೆ ಚಿಕ್ಕ ಚಿಕ್ಕ ಚೀಟಿಗಳ ಒಂದು ಕಟ್ಟು, ಹಾರದಂತೆ ಮೇಲೊಂದು ಹಿತ್ತಾಳೆ ಲೋಟ. ಜನ ಮುತ್ತಿಕೊಳ್ಳುತ್ತಾರೆಂದು ಅವರು ಹಿಂದಿನ ಸಂಜೆಯೇ ಕುಳಿತು ಸಹಿ ಮಾಡಿಟ್ಟಿದ್ದರು. ಹೊರಡುವಾಗ ಹಂಚಿಬಿಡುವುದು. ಇಂಗ್ಲಿಷಿನಲ್ಲಿ, ಓಡುವ ಕೈಯಲ್ಲಿ, ಒಲವಿನಿಂದ ಎಂಬರ್ಥದ ಎರಡು ಪದ, ಕೆಳಗೆ ಸಹಿ. ನನಗೆ ಚೀಟಿ ಬೇಡವಾಗಿತ್ತು. ನನ್ನ ಪುಸ್ತಕದಲ್ಲಿ, ನನ್ನ ಹೆಸರು ಹಾಕಿ, ಪೂರ್ತಿ ಒಂದು ಪುಟ ಬೇಕಾಗಿತ್ತು. ಅವರು ಕೈ ಒರೆಸಿಕೊಂಡು ಪೆನ್ನು ತೆಗೆದರು. "ಹೆಸರೇನಮ್ಮ?" "ಮಂಗಳಾ ಸಾರ್. ಸರ್ವಮಂಗಳಾ." ಪೆನ್ನು ಪುಟವನ್ನು ಇನ್ನೇನು ಮುಟ್ಟಬೇಕು —

ಗೇಟಿನ ಕಡೆಯಿಂದ ಕೂಗು. "ಡಾಕ್ಟ್ರೇ! ನನ್ನಪ್ಪಾ! ಒಂದು ಗಳಿಗೆ ನೋಡ್ರಿ ನನ್ನಪ್ಪಾ!"

ಕಂಬಳಿ ಹೊದ್ದ ಹೆಂಗಸು. ಸೊಂಟದ ಮೇಲೆ ಆರೇಳು ವರ್ಷದ ಹುಡುಗಿ. ಅಷ್ಟು ದೊಡ್ಡ ಮಗುವನ್ನು ಎತ್ತಿಕೊಂಡು ಎಲ್ಲಿಂದ ನಡೆದು ಬಂದಿದ್ದಳೋ. ಮಗುವಿನ ಮೀನಖಂಡಕ್ಕೆ ಅರಿಸಿನ ಮೆತ್ತಿದ್ದರು, ಅದರೊಳಗಿಂದ ರಕ್ತ ಒಸರಿತ್ತು. ನಟರು ಎದ್ದು ನಿಂತರು. ನೋಡಿ ಬಾ ಎಂದು ನನ್ನನ್ನೇ ಕಳಿಸಿದರು.

ಅವಳು ಗೇಟಿನ ಸರಳುಗಳ ನಡುವೆ ಮುಖವಿಟ್ಟು ಹೇಳಿದಳು. ಅವಳ ಮಾತುಗಳನ್ನು ಒಂದೂ ಬಿಡದೆ ಬರೆಯಬಲ್ಲೆ.

"ನಾವು ಜಗಳೂರು ಸೀಮೆಯೋರು ತಾಯಿ, ಕುರಿ ಹೊಡ್ಕಂಡು ಬಂದೀವಿ. ಇಲ್ಲೇ ಗೌಡ್ರ ಗದ್ದ್ಯಾಗೆ ಮಂದೆ ಹಾಕಿದ್ವಿ. ನಸುಕ್ನಾಗೆ ಯಾವ್ದೋ ನಾಯಿ ಬಂದು ಕೂಸಿನ ಕಾಲು ಹಿಡೀತು. ಎಲ್ಲಾರೂ ದೊಡ್ಡಾಸ್ಪತ್ರಿಗೆ ಹೋಗು ಅಂತಾರೆ. ಅಲ್ಲಿ ಹೊಕ್ಕಳ ಸುತ್ತ ಹದಿನಾಕು ಸೂಜಿ ಚುಚ್ತಾರಂತೆ, ಇದು ತಡಿಯಾಕಿಲ್ಲ. ಆ ಪೆಟ್ಟಿಗ್ಯಾಗೆ ಈ ಡಾಕ್ಟ್ರನ್ನ ನಾನು ಕಣ್ಣಾರೆ ನೋಡೀನಿ, ರೇಡಿಯೋ ಅಂಗ್ಡಿ ಮುಂದೆ ನಿಂತು. ಅವರು ಸೂಜಿ ಬೇಕು ಅಂದ್ರೆ ಈಗಿಂದೀಗ್ಲೇ ಹೋಗ್ತೀನಿ. ಬ್ಯಾಡ ಅಂದ್ರೆ ಬಿಡ್ತೀನಿ. ಅವರ ಬಾಯಾಗ ಒಂದು ಮಾತು ಬರ್ಲಿ. ಓಬಕ್ಕ ಅಂತ ಹೇಳು ತಾಯಿ."

ಓಬಕ್ಕ. ಡಾಕ್ಟರಿಗೆ ತನ್ನ ಹೆಸರು ಬೇಕಾದೀತು ಎಂದುಕೊಂಡು ಹೇಳಿದಳು.

ರೇಡಿಯೊ ಅಂಗಡಿ ನಮ್ಮದೇ. ಸುಗ್ಗಿ ಮುಗಿದ ಮೇಲೆ ಕುರಿಗಾರರು ಬರುವುದು, ಗೊಬ್ಬರಕ್ಕೆಂದು ಗದ್ದೆಯವರು ಮಂದೆ ನಿಲ್ಲಿಸಿಕೊಳ್ಳುವುದು ನಮ್ಮ ಕಡೆ ಪ್ರತಿ ವರ್ಷದ ಮಾತು. ಅವರು ಸಂಜೆ ಬೀದಿಯಲ್ಲಿ ನಿಂತು ಟಿವಿ ನೋಡುತ್ತಿದ್ದದ್ದು ನನಗೆ ಗೊತ್ತಿತ್ತು. ನಾನು ಒಳಗೆ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದೆ.

ವರಾಂಡಕ್ಕೆ ಬಂದು ವಿಷಯ ತಿಳಿಸಿದೆ. ನಟರ ಮುಖ ಬಿಳಿಚಿತು. "ನಾಯಿ ಕಡಿತವೇ? ತಡ ಮಾಡಬಾರದು. ನಾನು ಡಾಕ್ಟರ್ ಅಲ್ಲ ಅಂತ ಹೇಳಿ. ಇಂಜೆಕ್ಷನ್ ಬೇಕೇ ಬೇಕು ಅಂತ ಹೇಳಿ. ಈಗಲೇ ನೀವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸೇರಿಸಿಬಿಡಿ, ಹತ್ತಿರವೇ ಅಲ್ಲವೇ? ನಿಮ್ಮ ಪುಸ್ತಕ ಇಲ್ಲಿರಲಿ, ಬರೆದು ಇಟ್ಟಿರುತ್ತೇನೆ."

ಆಸ್ಪತ್ರೆ ಹತ್ತಿರವೇ. ಹೋಗಿ ಬರಲು ಅರ್ಧ ಗಂಟೆಯೂ ಬೇಡ. ಆದರೆ — ಪುಸ್ತಕ ಬಿಟ್ಟು ಹೋದರೆ ಮರೆತಾರು. ಹೆಸರು ಮರೆತು ಬರೀ ಸಹಿ ಹಾಕಿಯಾರು. ಬೇಗ ಹೊರಟುಬಿಟ್ಟಾರು. ಕೆರೆಗೆ ಅವರ ವ್ಯಾನಿನಲ್ಲಿ ಒಬ್ಬಳಿಗೆ ಜಾಗ ಇದೆ ಎಂದು ಚಿತ್ರೀಕರಣದ ಮ್ಯಾನೇಜರು ಆಗಷ್ಟೇ ಅಪ್ಪನಿಗೆ ಹೇಳಿದ್ದ. ಇಷ್ಟೆಲ್ಲ ವರಾಂಡದಿಂದ ಗೇಟಿಗೆ ನಡೆಯುವಷ್ಟರಲ್ಲಿ ಯೋಚಿಸಿದೆ. ಯೋಚಿಸಿದ್ದೆ, ಅದನ್ನು ಅಲ್ಲಗಳೆಯಲಾರೆ.

ಗೇಟಿನ ಬಳಿ ನನ್ನ ಬಾಯಿಂದ ಬಂದದ್ದು ಇಷ್ಟು:

"ಡಾಕ್ಟ್ರು ನೋಡಿದ್ದಾರೆ. ಏನೂ ಭಯವಿಲ್ಲಂತೆ. ಹೋಗಮ್ಮ."

ಅದು ಧಾರಾವಾಹಿಯ ಮಾತು. ನಾಲಿಗೆಯ ತುದಿಯಲ್ಲೇ ಇತ್ತು.

ಓಬಕ್ಕನ ಮುಖ ಅರಳಿದ್ದನ್ನು ನೋಡಿದೆ. ಆದರೂ ಅವಳು ಕದಲಲಿಲ್ಲ. "ಬಾಯಿ ಮಾತು ಮನ್ಯಾಗೆ ಯಾರು ಕೇಳ್ತಾರೆ ತಾಯಿ? ಒಂದು ಚೀಟಿ ಬರೆಸ್ಕೊಡು." ನಾನು ಓಡಿ ಹೋಗಿ, ಯಾರೂ ನೋಡದಂತೆ ಲೋಟದ ಕೆಳಗಿಂದ ಒಂದು ಚೀಟಿ ಎಳೆದು ತಂದು ಅವಳ ಕೈಗೆ ಕೊಟ್ಟೆ. ಸುಳ್ಳು ಒಂದು ಗಳಿಗೆಯ ಆತುರದಲ್ಲಿ ಜಾರಿತು ಎನ್ನಲಾರೆ — ಚೀಟಿಗಾಗಿ ಹಿಂದಿರುಗಿ ಬಂದು ಮತ್ತೆ ಗೇಟಿಗೆ ಹೋದ ಅಷ್ಟು ದೂರ ನನ್ನ ಕಾಲಲ್ಲಿದೆ.

ಚೀಟಿ ತೆಗೆದುಕೊಳ್ಳಲು ಅವಳು ಕೈ ಚಾಚಿದಾಗ ಕಂಬಳಿ ಸರಿಯಿತು. ಎಡಗೈ ಮಣಿಕಟ್ಟಿಗೆ ಒದ್ದೆ ಬಟ್ಟೆಯ ಚೂರು ಸುತ್ತಿತ್ತು. ಕಂಡೆ. ಬಳೆ ಒಡೆದು ಗಾಯವಾಗಿರಬೇಕು ಎಂದುಕೊಂಡೆ. ಕೇಳಲಿಲ್ಲ. ಅವಳು ಚೀಟಿಯನ್ನು ಕಣ್ಣಿಗೊತ್ತಿಕೊಂಡು, ಮಡಿಸಿ, ಸೊಂಟದ ಎಲೆಅಡಿಕೆ ಸಂಚಿಯೊಳಗೆ ಇಟ್ಟಳು. "ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದಳು.

"ಕಳಿಸಿದಿರಾ?" ನಟರು ಕೇಳಿದರು.

"ಹೂಂ ಸಾರ್. ಗೇಟು ಕಾಯೋನ ಜೊತೆ ಆಸ್ಪತ್ರೆಗೆ ಕಳಿಸಿದೆ."

ಅವರು ನಿಟ್ಟುಸಿರು ಬಿಟ್ಟು ಕುಳಿತು ನನ್ನ ಪುಟದಲ್ಲಿ ಬರೆದರು. ಸಹಿಯಷ್ಟೇ ಅಲ್ಲ. ಅಚ್ಚ ಕನ್ನಡದಲ್ಲಿ, ದುಂಡಗೆ: ಒಳ್ಳೆಯ ಮನಸ್ಸಿನ ಮಂಗಳಾಗೆ.

ಆ ದಿನವೆಲ್ಲ ನಾನು ಸೂಳೆಕೆರೆಯ ಏರಿಯ ಮೇಲೆ ಕೊಡೆಯ ನೆರಳಲ್ಲಿ ಕುಳಿತಿದ್ದೆ. ಹಿಂದೆ ಸಮುದ್ರದಂಥ ನೀರು. ಎದುರಿಗೆ ಅವರು ಬೆನ್ನು ಬಾಗಿಸಿ, ಸ್ಟೆತಾಸ್ಕೋಪು ನೇತುಬಿಟ್ಟು, ಮೀನುಗಾರರ ಮಗುವೊಂದರ ನಾಡಿ ಹಿಡಿದು ಹೇಳುತ್ತಿದ್ದರು: "ನಾನು ನೋಡಿದ್ದೇನೆ. ಏನೂ ಭಯವಿಲ್ಲ." ಗಾಳಿಯ ಸದ್ದು ಸೇರಿತೆಂದು ಮತ್ತೆ. ಮೋಡ ಅಡ್ಡ ಬಂತೆಂದು ಮತ್ತೆ. ಪ್ರತಿ ಸಲವೂ ಅವರು ಅಷ್ಟೇ ಕರುಣೆಯಿಂದ ಹೇಳಿದರು. ನಾನು ಚಪ್ಪಾಳೆ ತಟ್ಟಿದೆ.

ಸಂಜೆ ಊಟಕ್ಕೆ ಕುಳಿತಾಗ ಅಪ್ಪ ಅವ್ವನಿಗೆ ಹೇಳಿದರು: "ಬಸ್ ಸ್ಟ್ಯಾಂಡ್ ಹತ್ರ ಇವತ್ತು ಹುಚ್ಚುನಾಯಿ ಹೊಡೆದು ಹಾಕಿದ್ರು ಕಣೆ. ನಾಕು ದನ ಕಚ್ಚೈತಂತೆ. ಗೌಡ್ರ ಗದ್ದೆ ಕಡೆಯಿಂದ ಬಂದದ್ದಂತೆ."

ಆಗ ಹೇಳಬಹುದಿತ್ತು. ಅಪ್ಪ ಸೈಕಲ್ ಹತ್ತಿ ಆಗಲೇ ಹೋಗುತ್ತಿದ್ದರು, ಅಂಥ ಮನುಷ್ಯ ಅವರು. ನಾನು ನೀರು ಕುಡಿದು ಎದ್ದೆ.

ಮರುದಿನ ಒಬ್ಬಳೇ ಗದ್ದೆಗೆ ಹೋದೆ. ಮಂದೆ ಇರಲಿಲ್ಲ. ಹಿಕ್ಕೆ, ಬೂದಿ, ಬೇಲಿ ನೆಟ್ಟ ಕುಳಿಗಳು. ಗೌಡರ ಆಳು ಹೇಳಿದ: "ನಿನ್ನೆ ಮಧ್ಯಾಹ್ನನೇ ಎತ್ತಿದ್ರು. ಹೊನ್ನಾಳಿ ಕಡೆ ಹೋಗ್ತೀವಿ ಅಂದ್ರು." ಹೊನ್ನಾಳಿಗೆ ಬಸ್ಸಿನಲ್ಲಿ ಹೋದೆ. ರಸ್ತೆಬದಿಯ ಎರಡು ಹಳ್ಳಿಗಳಲ್ಲಿ ಇಳಿದು ವಿಚಾರಿಸಿದೆ. ಎಲ್ಲಿ ನೋಡಿದರೂ ಕುರಿ, ಎಲ್ಲಿ ನೋಡಿದರೂ ಕಂಬಳಿ. ಇನ್ನೊಂದು ಮಂದೆ ನ್ಯಾಮತಿಯ ಹತ್ತಿರದ ಹಳ್ಳಿಯಲ್ಲಿದೆ ಎಂದು ಯಾರೋ ಅಂದರು. ನ್ಯಾಮತಿಗೇ ಹೋದೆ. ಆದರೆ ಬಿಸಿಲಾಗಿತ್ತು, ಕಾಲು ಸೋತಿತ್ತು, ಶಾರದೆಯ ಮನೆ ಅಲ್ಲೇ ಇತ್ತು, ಭಾನುವಾರಕ್ಕೆಂದು ಅವಳೂ ಬಂದಿದ್ದಳು...

ಅವಳು ನನ್ನ ಚೀಲದಲ್ಲಿದ್ದ ಪುಸ್ತಕ ತೆಗೆದು ಡಾಕ್ಟ್ರ ಪುಟವನ್ನು ನೋಡಿ, "ಒಳ್ಳೆಯ ಮನಸ್ಸಿನೋಳಂತೆ! ನೀನು? ನನ್ನ ರೇಷ್ಮೆ ರವಿಕೆ ಇನ್ನೂ ವಾಪಸ್ ಕೊಟ್ಟಿಲ್ಲ!" ಎಂದು ಬೆನ್ನಿಗೊಂದು ಗುದ್ದಿದಳು. ಆಮೇಲೆ ಅತ್ತೇಬಿಟ್ಟಳು, ತನಗೆ ಸಿಗಲಿಲ್ಲವೆಂದು. ನಾನು ಸಮಾಧಾನ ಮಾಡಿದೆ. ಅವರ ಮನೆಯಲ್ಲಿ ರೊಟ್ಟಿ ಉಂಡೆ. ಆ ಮೂರನೆಯ ಹಳ್ಳಿಗೆ ಹೋಗಲಿಲ್ಲ.

ನಾಯಿ ಕಡಿತದ ವಿಷ ಕೂಡಲೇ ಏರುವುದಿಲ್ಲ. ವಾರಗಳು ಹಿಡಿಯುತ್ತವೆ, ತಿಂಗಳುಗಳೂ ಹಿಡಿಯುತ್ತವೆ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ, ಓದಿದ್ದು ಶಿಕ್ಷೆಯಾಯಿತು. ಹಾಸ್ಟೆಲಿನಲ್ಲಿ ಒಂದೊಂದು ದಿನ ಎದ್ದಾಗಲೂ ಇನ್ನೂ ಹೊತ್ತು ಮೀರಿಲ್ಲ ಎಂದುಕೊಳ್ಳುತ್ತಿದ್ದೆ. ಒಂದು ದಿನ, ಮೀರಿರಬೇಕು ಎಂದುಕೊಂಡೆ. ಆ ಮಗುವಿನ ಮೀನಖಂಡ ಕಣ್ಣು ಮುಚ್ಚಿದರೆ ಬರುತ್ತಿತ್ತು. ನಿದ್ದೆಯಲ್ಲಿ ಯಾರೋ ನೀರಿನ ಲೋಟ ಮುಂದೆ ಹಿಡಿಯುತ್ತಿದ್ದರು, ಹಿಂದೆ ಸೂಳೆಕೆರೆಯಷ್ಟು ನೀರು. ಗಂಟಲು ಬಿಗಿದು ಎಚ್ಚರವಾಗುತ್ತಿತ್ತು. ಎಚ್ಚರವಾದ ಮೇಲೆ ಮತ್ತೆ ಗೇಟು. ಮತ್ತೆ ಆ ಸರಳುಗಳ ನಡುವಿನ ಮುಖ. ಪ್ರತಿ ಸಲವೂ ನಾನು ಸರಿಯಾದ ಮಾತನ್ನೇ ಹೇಳಲು ಬಾಯಿ ತೆರೆಯುತ್ತೇನೆ. ಬರುವುದು ಅದೇ ಮಾತು.

ಸಹಿ ಸಂಗ್ರಹಿಸುವುದು ನಿಂತಿತು. ಯಾಕೆ ಎಂದು ಶಾರದೆ ಕೇಳಿದಳು. ಡಾಕ್ಟ್ರ ನಂತರ ಇನ್ಯಾರದು ಬೇಕು ಎಂದು ನಕ್ಕೆ.

ಬಿ.ಎಡ್. ಮುಗಿಸಿ ಹೈಸ್ಕೂಲು ಟೀಚರಾದೆ. ಜಗಳೂರಿಗೆ ಹಾಕಿದಾಗ ಮನೆಯವರೆಲ್ಲ, "ನೀರಿಲ್ಲದ ಊರು, ಯಾರಿಗಾದ್ರೂ ಹೇಳಿಸಿ ಬದಲಾಯಿಸ್ಕ" ಎಂದರು. ನಾನು ಬದಲಾಯಿಸಿಕೊಳ್ಳಲಿಲ್ಲ. ಹುಡುಕಲು ಹೊರಟೆ ಎಂದು ಹೇಳಿದರೆ ದೊಡ್ಡ ಮಾತಾದೀತು. ಮೊದಲ ಕೆಲವು ತಿಂಗಳು ಸಂತೆಯಲ್ಲಿ ಕಂಬಳಿ ಮಾರುವವರನ್ನು ಕಂಡರೆ ಪಕ್ಕದ ಓಣಿಗೆ ತಿರುಗಿಕೊಳ್ಳುತ್ತಿದ್ದೆ. ಕೊನೆಗೊಮ್ಮೆ ಕೇಳಿದೆ: "ಓಬಕ್ಕ ಅಂತ... ಚನ್ನಗಿರಿ ಕಡೆ ಕುರಿ ಹೊಡ್ಕೊಂಡು ಬರ್ತಿದ್ರು. ಒಬ್ಬ ಮಗಳು."

"ಬೀರಪ್ಪನ ಹೆಂಡ್ತಿ ಓಬಕ್ಕನಾ?" ಎಂದ ಆ ಮನುಷ್ಯ. ನನ್ನನ್ನೊಮ್ಮೆ ನೋಡಿ, ಊರಿನ ದಾರಿ ಹೇಳಿದ.

ಭಾನುವಾರ ಹೋದೆ. ಬಸ್ಸಿಳಿದು ಒಣ ಹೊಲಗಳ ನಡುವೆ ನಡೆದೆ. ಮನೆಯ ಮುಂದೆ ಬೀರಪ್ಪ ಕುಳಿತು ಉಣ್ಣೆ ನೂಲುತ್ತಿದ್ದರು. ಬಾಗಿಲಲ್ಲಿ ಒಬ್ಬ ಹುಡುಗಿ ಪಾಠದ ಪುಸ್ತಕ ಹಿಡಿದು ಕುಳಿತಿದ್ದಳು. ಲಂಗದ ಕೆಳಗೆ ಮೀನಖಂಡದ ಮೇಲೆ ಹೊಳೆಯುವ ಗಾಯದ ಕಲೆ.

ಬದುಕಿದ್ದಾಳೆ!

ಆ ಗಳಿಗೆಯ ಹಗುರವನ್ನು ಹೇಗೆ ಬರೆಯಲಿ? ಅಲ್ಲೇ ಜಗಲಿಯ ಮೇಲೆ ಕುಳಿತುಬಿಟ್ಟೆ. ಚನ್ನಗಿರಿಯವಳು, ಈಗ ಜಗಳೂರಲ್ಲಿ ಟೀಚರು, ಆಗ ನೋಡಿದ್ದೆ, ಮಗು ಹೇಗಿದ್ದಾಳೆಂದು ಕೇಳಿಕೊಂಡು ಬಂದೆ ಎಂದೆ. ಬೀರಪ್ಪ ಖುಷಿಯಾದರು. "ಕೆಂಚೀ, ಟೀಚರಮ್ಮಗೆ ನೀರು ಕೊಡು." ನೀರು ಕುಡಿದೆ. ಎಷ್ಟೋ ವರ್ಷಗಳ ಮೇಲೆ ಗಂಟಲು ಬಿಗಿಯದೆ ನೀರು ಇಳಿಯಿತು. ಆಮೇಲೆ ಕೇಳಿದೆ: "ಓಬಕ್ಕ ಎಲ್ಲಿ?"

ಬೀರಪ್ಪನ ಕೈಯಲ್ಲಿ ತಿರುಗುತ್ತಿದ್ದ ಕದಿರು ನಿಂತಿತು.

"ಇಲ್ರಿ ಅವಳು. ಅದೇ ವರ್ಷ ಹೋದ್ಲು." ಬೀರಪ್ಪ ಮಾತು ನಿಧಾನ ಮಾಡಿದರು. "ನಾಯಿ ಬಾಯಾಗಿಂದ ಕೂಸನ್ನ ಬಿಡಿಸ್ವಾಗ ಅವಳ ಮುಂಗೈಗೂ ಬಾಯಿ ಹಾಕಿತ್ತು. ಗೀರು ಗಾಯ. ನಾವು ನ್ಯಾಮತಿ ತಾವ ಮಂದೆ ಹಾಕಿದ್ವಲ್ಲ, ಆ ಹೊಲದ ಯಜಮಾನ್ರ ಹೆಂಡ್ತಿ ಕೂಸಿನ ಕಾಲು ನೋಡಿ ಬಿಡ್ಲೇ ಇಲ್ಲ. ತಮ್ಮ ಮನ್ಯಾಗೇ ಇಟ್ಕಂಡು ದಿನಾ ಆಸ್ಪತ್ರಿಗೆ ಕರ್ಕಂಡು ಹೋಗಿ ಹದಿನಾಕೂ ಸೂಜಿ ಹಾಕ್ಸಿದ್ರು, ಪುಣ್ಯಾತಗಿತ್ತಿ. ನೀನೂ ಹಾಕಿಸ್ಕ ಅಂತ ಇವಳಿಗೂ ಅಂದ್ರು. ಇವಳು ಕೇಳಬೇಕಲ್ಲ? ಇಬ್ರೂ ಹೋದ್ರೆ ಕುರಿ ಯಾರು ಕಾಯಾಕೆ ಅಂದ್ಲು. ಕೂಸಿಗೆ ಸೂಜಿ, ಚೀಟಿ ಎರಡೂ ಆಗ್ಲಿ, ನನಗೆ ದೊಡ್ಡ ಡಾಕ್ಟ್ರ ಚೀಟಿ ಐತೆ, ಏನೂ ಭಯ ಇಲ್ಲ ಅಂದಾರೆ — ಅಂತ ಸಂಚಿ ತಟ್ಟಿ ತೋರ್ಸಿ ನಕ್ಕಳು."

ಒದ್ದೆ ಬಟ್ಟೆ. ಎಡಗೈ. ನಾನು ಬಳೆ ಎಂದುಕೊಂಡದ್ದು.

ಆಮೇಲಿನದನ್ನು ಅವರು ಹೇಳಿದರು. ಊರಿಗೆ ಮರಳುವ ದಾರಿಯಲ್ಲಿ, ಒಂದು ಕೆರೆಯ ಪಕ್ಕ ಮಂದೆ ಹಾಕಿದ್ದಾಗ, ಓಬಕ್ಕ ನೀರು ಕಂಡು ಕಿರುಚಿದ್ದು. ಅದರಾಚೆಗಿನದನ್ನು ನಾನು ಬರೆಯುವುದಿಲ್ಲ. ಅದನ್ನು ಕಂಡವರು ಅವರು. ಕೆಂಚಿ ಬಾಗಿಲಲ್ಲಿ ಪುಸ್ತಕ ಮುಚ್ಚಿಕೊಂಡು ಕೇಳುತ್ತಿದ್ದಳು. ಅವಳು ಅದನ್ನು ಅದೆಷ್ಟನೇ ಸಲ ಕೇಳುತ್ತಿದ್ದಳೋ.

ಬೀರಪ್ಪ ಒಳಗೆ ಹೋಗಿ ಬಂದರು. ಕೈಯಲ್ಲಿ ಹಳೆಯ ಸಂಚಿ. ಅದರ ಒಳಮಡಿಕೆಯಿಂದ ಹಳದಿಗಟ್ಟಿದ, ಸುಣ್ಣ ಹತ್ತಿದ ಒಂದು ಚೀಟಿ ತೆಗೆದರು.

"ನೀವು ಇಂಗ್ಲೀಷು ಓದಿದೋರು. ಇದನ್ನ ನೋಡಿ ಹೇಳ್ರಿ. ಯಾವ ಔಷಧಿ ಬರ್ದಿದ್ರು ಅವರು?" "ಅಂಗ್ಡಿಗೆ ಹೋಗಿ ತಗಳ್ಳಾನ ಅಂತ ಅವಳು ಅಂದಿದ್ಲು. ನಾನೇ ಅಂದೆ — ಊರಿಗೆ ಹೋದ ಮ್ಯಾಲೆ ನಮ್ಮ ಜಗಳೂರಾಗೇ ತಗಂಡ್ರಾತು ಬಿಡು, ಅಂತ. ತಗಂಡಿದ್ರೆ ಉಳೀತಿದ್ಲು. ಯಾರಿಗೂ ಇದನ್ನ ತೋರ್ಸಿಲ್ಲ ನಾನು. ಹೌದು, ನೀನೇ ಕೊಂದಿ ಅಂತ ಯಾರಾರ ಅಂದ್ರೆ ಅಂತ. ರಾತ್ರಿಯೆಲ್ಲ ಎದ್ದು ಕುಂತಿರ್ತೀನಿ ಟೀಚರಮ್ಮ. ಇವಳನ್ನ ಕೇಳ್ರಿ."

ಚೀಟಿ ನನ್ನ ಕೈಗೆ ಬಂತು. ಒಲವಿನಿಂದ ಎಂದಿತ್ತು. ಕೆಳಗೆ ಆ ಸಹಿ.

ಈಗ ಬರೆಯುವುದು ಗೇಟಿನ ಸುಳ್ಳಿಗಿಂತ ಕಷ್ಟ. ನಾನು ಹೇಳಿದೆ: "ಅಕ್ಷರ ಅಳಿಸಿಹೋಗಿವೆ ಯಜಮಾನ್ರೆ. ಓದಕ್ಕೆ ಬರ್ತಾ ಇಲ್ಲ." ಚೀಟಿ ಹಿಂದಕ್ಕೆ ಕೊಟ್ಟೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಅವರು ಅದನ್ನು ಮಡಿಕೆಯ ಗೀರಿನಲ್ಲೇ ಸರಿಯಾಗಿ ಮಡಿಸಿ, ಸಂಚಿಯಲ್ಲಿ ಇಡುವುದನ್ನು ನೋಡುತ್ತ ಹೊರಟೆ.

ಒಂದು ವಾರ ಪಾಠ ಮಾಡಿದೆ. ಏನು ಮಾಡಿದೆನೋ ನೆನಪಿಲ್ಲ. ಓಬಕ್ಕ, ನಿಮ್ಮ ಸಾವು ನನ್ನ ಮೇಲಿತ್ತು, ಅದನ್ನು ಹೊತ್ತುಕೊಳ್ಳುವುದನ್ನು ನಾನು ಅಷ್ಟಿಷ್ಟು ಕಲಿತುಬಿಡುತ್ತಿದ್ದೆನೋ ಏನೋ. ಆದರೆ ಅದನ್ನು ನಿಮ್ಮ ಗಂಡ ಹೊತ್ತಿದ್ದರು. ನನ್ನದನ್ನು. ನಾನು ಅದನ್ನು ಕಣ್ಣಾರೆ ನೋಡಿ, ಅವರ ತಲೆಯ ಮೇಲೆ ಇನ್ನಷ್ಟು ಸರಿಯಾಗಿ ಕೂರಿಸಿ ಬಂದಿದ್ದೆ.

ಮುಂದಿನ ಸೋಮವಾರ ರಜೆ ಹಾಕಿ ಹೋದೆ. ನನ್ನ ಸಹಿಯ ಪುಸ್ತಕವನ್ನೂ ಒಯ್ದೆ. ಬೀರಪ್ಪ ಕೊಟ್ಟಿಗೆಯಲ್ಲಿ ಕುರಿಮರಿಯೊಂದಕ್ಕೆ ಹಾಲು ಕುಡಿಸುತ್ತಿದ್ದರು. ಕುಳಿತುಕೊಳ್ಳಿ ಎಂದರು, ನಾನು ಕುಳಿತುಕೊಳ್ಳಲಿಲ್ಲ. ಪುಟ ತೆರೆದು, ಸಂಚಿಯ ಚೀಟಿ ತರಿಸಿ, ಎರಡೂ ಸಹಿಗಳನ್ನು ಪಕ್ಕದಲ್ಲಿಟ್ಟು ತೋರಿಸಿದೆ. ಶಾಲೆಯಿಂದ ಆಗಷ್ಟೇ ಬಂದಿದ್ದ ಕೆಂಚಿಗೆ ಇಂಗ್ಲಿಷು ಬಾರದಿದ್ದರೂ ಎರಡೂ ಒಂದೇ ಎಂದು ಕಂಡಿತು. ಆಮೇಲೆ ಗೇಟಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಆ ಡಾಕ್ಟ್ರು ಡಾಕ್ಟರಲ್ಲ, ನಾಟಕದವರೆಂದು. ಸೂಜಿ ಬೇಕೇ ಬೇಕೆಂದು ಹೇಳಿ ಕಳಿಸಿದ್ದರೆಂದು. ನಾನು ಹೇಳಲಿಲ್ಲವೆಂದು. ಯಾಕೆ ಹೇಳಲಿಲ್ಲವೆಂದು.

ಬೀರಪ್ಪ ಮರಿಯನ್ನು ಕೆಳಗಿಳಿಸಿ ಚೀಟಿ ಎತ್ತಿಕೊಂಡರು.

"ಹಂಗಾರೆ ಇದು ಔಷಧಿ ಹೆಸ್ರಲ್ಲ?"

"ಅಲ್ಲ."

"ತಗಂಡಿದ್ರೂ..."

"ತಗೊಳ್ಳಕ್ಕೆ ಔಷಧಿನೇ ಇರಲಿಲ್ಲ. ನೀವು ತಡ ಮಾಡಿದ್ದಕ್ಕೆ ಆದದ್ದಲ್ಲ. ನನ್ನ ಮಾತು ನಂಬಿ ಅವರು ಸೂಜಿ ಹಾಕಿಸಿಕೊಳ್ಳಲಿಲ್ಲ."

ಅವರು ನನ್ನ ಪುಸ್ತಕದ ಆ ಪುಟದ ಮೇಲೆ ಬೆರಳಿಟ್ಟು ಮಗಳನ್ನು ಕೇಳಿದರು: "ಇಲ್ಲಿ ಕನ್ನಡದಾಗೆ ಏನು ಬರ್ದೈತೆ?"

ಕೆಂಚಿ ಅಕ್ಷರ ಕೂಡಿಸಿ ಓದಿದಳು. "ಒಳ್ಳೆಯ... ಮನಸ್ಸಿನ... ಮಂಗಳಾಗೆ."

ಬೀರಪ್ಪ ಬೈಯಲಿಲ್ಲ. ಅಳಲಿಲ್ಲ. ಚೀಟಿಯನ್ನು ಪುಸ್ತಕದೊಳಗೆ ಇಟ್ಟು, ಮುಚ್ಚಿ, ನನ್ನ ಕೈಗೆ ಕೊಟ್ಟರು. "ನಿಮ್ದು. ತಗಂಡು ಹೋಗ್ರಿ," ಎಂದರು. ಆಮೇಲೆ ಮರಿಯ ಕಡೆ ತಿರುಗಿದರು. ಅವತ್ತು ಯಾರೂ ನೀರು ಕೊಡಲಿಲ್ಲ. ಕೊಟ್ಟಿದ್ದರೆ ಕುಡಿಯಲು ನನ್ನಿಂದ ಆಗುತ್ತಿರಲಿಲ್ಲ.

ಆ ವಾರದ ಸಂತೆಯಲ್ಲಿ ಕೆಂಚಿ ಎದುರು ಸಿಕ್ಕಳು. ನನ್ನನ್ನು ಕಂಡು ಓಡಿಹೋಗುತ್ತಾಳೆಂದುಕೊಂಡೆ. ಹೋಗಲಿಲ್ಲ. ಹತ್ತಿರ ಬಂದು, ನೆಲ ನೋಡುತ್ತ, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು:

"ನೀವಿನ್ನ ನಮ್ಮನಿಗೆ ಬರಬ್ಯಾಡ್ರಂತೆ. ಅಪ್ಪ ಹೇಳಾಕೆ ಹೇಳ್ಯಾನೆ."

ಆಗಲಿ ಎಂದೆ. ಎರಡು ಹೆಜ್ಜೆ ಹೋದವಳು ನಿಂತಳು. ಇದು ಅಪ್ಪ ಹೇಳಿ ಕಳಿಸಿದ ಮಾತಲ್ಲ ಎಂದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು.

"ಸೋಮಾರ ನೀವು ಹೋದ ಮ್ಯಾಲೆ ಅಪ್ಪ ಉಣ್ಲಿಲ್ಲ, ಹಂಗೇ ಮಲಗಿಬಿಟ್ಟ. ರಾತ್ರಿ ಎದ್ದು ಕುಂದರ್ಲೇ ಇಲ್ಲ. ಬಿಸ್ಲು ಬಂತು, ಕುರಿ ಒದರಾಕೆ ಹತ್ತಿದ್ವು, ಆದ್ರೂ ಏಳ್ಲಿಲ್ಲ. ನಂಗೆ ಹೆದ್ರಿಕಿ ಆತು. ಮೂಗಿನ ತಾವ ಕೈ ಹಿಡಿದು ನೋಡ್ದೆ." ಅವಳು ತನ್ನ ಅಂಗೈಯನ್ನು ಮೂಗಿನ ಮುಂದೆ ಹಿಡಿದು ತೋರಿಸಿದಳು. "ಉಸಿರು ಬರ್ತಿತ್ತು. ಮಲಗಿದ್ದ, ಅಷ್ಟೆ."